ಗೋಧಿ ಬಣ್ಣ ಸಾಧಾರಣ ಮೈಕಟ್ಟು (ಚಲನಚಿತ್ರ)

ಗೋಧಿ ಬಣ್ಣ ಸಾಧಾರಣ ಮೈಕಟ್ಟು 2016ರ ಜೂನ್ 3ರಂದು ತೆರೆಕಂಡ ಕನ್ನಡ ಚಲನಚಿತ್ರ. ಹೇಮಂತ್ ಎಂ. ರಾವ್ ಅವರು ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರವಿದು. ಪುಷ್ಕರ ಮಲ್ಲಿಕಾರ್ಜುನಯ್ಯ ಅವರ ನಿರ್ಮಾಣದ ಮೊದಲ ಚಿತ್ರವೂ ಹೌದು. ಅನಂತ್ ನಾಗ್, ರಕ್ಷಿತ್ ಶೆಟ್ಟಿ, ಶ್ರುತಿ ಹರಿಹರನ್, ವಸಿಷ್ಠ ಎನ್. ಸಿಂಹ ಮತ್ತು ಅಚ್ಯುತ್ ಕುಮಾರ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಚರಣ್ ರಾಜ್ ಸಂಗೀತ ನೀಡಿದ್ದಾರೆ. ನಂದಕಿಶೋರ್ ಅವರ ಛಾಯಾಗ್ರಹಣ ಮತ್ತು ಶ್ರೀ ಕ್ರೇಜಿಮೈಂಡ್ಸ್ ಅವರ ಸಂಕಲನವಿದೆ.

ಆಲ್ಝೈಮರ್ ಕಾಯಿಲೆಯಿಂದ ನೆನಪಿನ ಶಕ್ತಿ ಕಳೆದುಕೊಳ್ಳುತ್ತಿರುವ ವೃದ್ಧರೊಬ್ಬರು ಬೆಂಗಳೂರಿನಲ್ಲಿ ಕಾಣೆಯಾಗುವುದು ಚಿತ್ರದ ವಸ್ತು. ಒಂದು ಕಡೆ ಮಗ ತಂದೆಯನ್ನು ಹುಡುಕುತ್ತಾನೆ. ಇನ್ನೊಂದು ಕಡೆ ಆ ತಂದೆ, ಕೊಲೆಯೊಂದರ ಶವವನ್ನು ಮರೆಮಾಚಲು ಹೊರಟ ಪಾತಕಿಗಳ ಕೈಗೆ ಸಿಕ್ಕಿರುತ್ತಾರೆ. ಕೌಟುಂಬಿಕ ಕಥೆ ಮತ್ತು ಅಪರಾಧ ಕಥೆ ಎಂಬ ಈ ಎರಡು ಎಳೆಗಳನ್ನು ಹೆಣೆಯುತ್ತ, ನೆನಪು ಅಳಿದ ಮೇಲೆ ಮನುಷ್ಯನ ಗುರುತು ಎಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಚಿತ್ರ ಎತ್ತುತ್ತದೆ.

ಶೀರ್ಷಿಕೆಯ ಅರ್ಥ

ಕರ್ನಾಟಕದ ಪತ್ರಿಕೆಗಳನ್ನು ಓದುವವರಿಗೆ ಈ ಶೀರ್ಷಿಕೆಯ ಮಾತುಗಳು ಅಪರಿಚಿತವಲ್ಲ. ಪೊಲೀಸ್ ಠಾಣೆಗಳು ಹೊರಡಿಸುವ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳಿಗೆ ಬಹುಕಾಲದಿಂದ ಒಂದು ನಿಶ್ಚಿತ ಭಾಷೆಯಿದೆ. ಹೆಸರು, ವಯಸ್ಸು ಮತ್ತು ಎತ್ತರದ ಬಳಿಕ ಚಹರೆಯ ವಿವರ ಬರುತ್ತದೆ: ಕೋಲು ಮುಖ ಅಥವಾ ದುಂಡು ಮುಖ, ಗೋಧಿ ಮೈಬಣ್ಣ ಅಥವಾ ಎಣ್ಣೆಗೆಂಪು, ಸಾಧಾರಣ ಮೈಕಟ್ಟು ಅಥವಾ ದೃಢಕಾಯ. ಆನಂತರ ಮನೆ ಬಿಟ್ಟಾಗ ಧರಿಸಿದ್ದ ಬಟ್ಟೆ, ಮಾತನಾಡುವ ಭಾಷೆಗಳು, ಕೊನೆಯಲ್ಲಿ ಸಂಪರ್ಕಿಸಬೇಕಾದ ಠಾಣೆಯ ದೂರವಾಣಿ ಸಂಖ್ಯೆ.

ಕಳೆದುಹೋದವರನ್ನು ಗುರುತಿಸಲು ನೆರವಾಗಬೇಕಾದ ಈ ವಿವರಗಳು ಊರಿನ ಅರ್ಧದಷ್ಟು ಜನರಿಗೆ ಹೊಂದುತ್ತವೆ. ಗೋಧಿ ಬಣ್ಣದ, ಸಾಧಾರಣ ಮೈಕಟ್ಟಿನ ಹಿರಿಯರು ಯಾವ ಬಸ್ ನಿಲ್ದಾಣದಲ್ಲಾದರೂ ಸಿಗುತ್ತಾರೆ. ಮನೆಯವರಿಗೆ ಜಗತ್ತಿನಲ್ಲಿ ಒಬ್ಬರೇ ಆಗಿರುವ ವ್ಯಕ್ತಿ ಪ್ರಕಟಣೆಯಲ್ಲಿ ಯಾರಾದರೂ ಆಗಬಹುದಾದ ಒಂದು ಆಕೃತಿಯಾಗುತ್ತಾರೆ. ಚಿತ್ರದ ಹೆಸರಿನಲ್ಲಿರುವ ವ್ಯಂಗ್ಯವೂ ದುಃಖವೂ ಇದೇ. ತಂದೆಯ ಚಹರೆಯನ್ನು ಹೇಳಬೇಕಾಗಿ ಬಂದಾಗ ಮಗನಿಗೆ ಈ ಸಿದ್ಧಮಾತುಗಳಿಗಿಂತ ಹೆಚ್ಚೇನು ಗೊತ್ತು ಎಂಬುದರ ಮೇಲೆಯೇ ಮುಂದಿನ ಕಥೆ ನಿಂತಿದೆ.

ಕಥಾಸಾರಾಂಶ

ವೆಂಕೋಬ ರಾವ್ (ಅನಂತ್ ನಾಗ್) ಆಲ್ಝೈಮರ್ ಕಾಯಿಲೆಗೆ ಒಳಗಾದ ವಿಧುರ. ಬೆಂಗಳೂರಿನ ಒಂದು ಆರೈಕೆ ಕೇಂದ್ರದಲ್ಲಿ ವೈದ್ಯೆ ಸಹನಾ (ಶ್ರುತಿ ಹರಿಹರನ್) ಅವರ ನಿಗಾದಲ್ಲಿದ್ದಾರೆ. ಮಗ ಶಿವ (ರಕ್ಷಿತ್ ಶೆಟ್ಟಿ) ಮುಂಬೈನಲ್ಲಿ ಉದ್ಯೋಗದಲ್ಲಿದ್ದಾನೆ. ವೃತ್ತಿಯಲ್ಲಿ ಮೇಲೇರುವ ಆತುರದಲ್ಲಿರುವ ಅವನಿಗೆ ತಂದೆ ಒಂದು ಹೊಣೆ ಮಾತ್ರ. ತಂದೆಯ ಬಗ್ಗೆ ಹಳೆಯ ಅಸಮಾಧಾನವೂ ಅವನಲ್ಲಿದೆ. ಬೆಂಗಳೂರಿಗೆ ಬಂದಾಗ ತಂದೆಯನ್ನು ಹೊರಗೆ ಕರೆದೊಯ್ಯುತ್ತಾನೆ. ಅಲ್ಲಿ ಅವನ ಗಮನ ತಪ್ಪಿದ ಗಳಿಗೆಯಲ್ಲಿ ವೆಂಕೋಬ ರಾವ್ ಕಣ್ಮರೆಯಾಗುತ್ತಾರೆ.

ಶಿವ ಮತ್ತು ಸಹನಾ ಹುಡುಕಾಟ ಆರಂಭಿಸುತ್ತಾರೆ. ಈ ಹುಡುಕಾಟದಲ್ಲಿ ತಂದೆಯನ್ನು ಬಲ್ಲವರು ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಅವರು ಹೇಳುವ ವೆಂಕೋಬ ರಾವ್ ಶಿವ ಕಂಡ ತಂದೆಗಿಂತ ಬೇರೆಯೇ ಮನುಷ್ಯ. ಆರೈಕೆ ಮಾಡುತ್ತಿದ್ದ ಸಹನಾಗೆ ತಿಳಿದಿರುವಷ್ಟು ಸಂಗತಿಗಳೂ ತನಗೆ ತಿಳಿದಿಲ್ಲವೆಂಬುದು ಅವನಿಗೆ ನಿಧಾನವಾಗಿ ಅರಿವಾಗುತ್ತದೆ.

ಅದೇ ಹೊತ್ತಿನಲ್ಲಿ ರಂಗ (ವಸಿಷ್ಠ ಎನ್. ಸಿಂಹ) ಮತ್ತು ಅವನ ಸಹಚರ ಮಂಜ ತಮ್ಮ ಒಡೆಯನಿಗಾಗಿ ಮಾಡಿದ ಕೊಲೆಯೊಂದರ ಶವವನ್ನು ವಿಲೇವಾರಿ ಮಾಡಲು ಹೊರಟಿರುತ್ತಾರೆ. ದಾರಿ ತಪ್ಪಿದ ವೆಂಕೋಬ ರಾವ್ ಅವರ ವಾಹನ ಸೇರುತ್ತಾರೆ. ಯೋಜನೆ ಕೆಟ್ಟು, ರಂಗ ಮತ್ತು ಸಂಗಡಿಗ ಈ ವೃದ್ಧರೊಂದಿಗೆ ಕುಮಾರ್ (ಅಚ್ಯುತ್ ಕುಮಾರ್) ಎಂಬ ಮಧ್ಯಮವರ್ಗದ ಗೃಹಸ್ಥನ ಮನೆಗೆ ನುಗ್ಗಿ, ಆ ಕುಟುಂಬವನ್ನು ಒತ್ತೆಯಾಳಾಗಿ ಇರಿಸಿಕೊಳ್ಳುತ್ತಾರೆ. ತಾನು ಎಲ್ಲಿದ್ದೇನೆ, ಯಾರೊಂದಿಗಿದ್ದೇನೆ ಎಂಬ ಅರಿವು ಪೂರ್ತಿಯಾಗಿಲ್ಲದ ವೆಂಕೋಬ ರಾವ್ ಅಲ್ಲಿ ತಮ್ಮ ಯೌವನದ ದಿನಗಳನ್ನು, ತೀರಿಹೋದ ಪತ್ನಿಯನ್ನು ನೆನೆಯುತ್ತ ಕಥೆ ಹೇಳುತ್ತಾರೆ. ಆ ಮಾತುಗಳು ರಂಗನನ್ನು ಅವನು ನಿರೀಕ್ಷಿಸದ ರೀತಿಯಲ್ಲಿ ತಟ್ಟುತ್ತವೆ. ಕೊನೆಗೆ ಎರಡೂ ಎಳೆಗಳು ಕೂಡಿ, ತಂದೆ ಮತ್ತು ಮಗ ಮತ್ತೆ ಸೇರುತ್ತಾರೆ.

ಮರೆಗುಳಿತನದ ಚಿತ್ರಣ

ಆಲ್ಝೈಮರ್ ಕಾಯಿಲೆಯನ್ನು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ವೈದ್ಯರ ಸಭೆಯೊಂದರಲ್ಲಿ ಮೊದಲ ಬಾರಿಗೆ ವಿವರಿಸಿದರು. ಔಗುಸ್ಟೆ ಡೆಟರ್ ಎಂಬ ರೋಗಿಯ ಮರಣಾನಂತರ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಜೀವಕೋಶಗಳ ನಡುವಿನ ಗಡ್ಡೆಯಂಥ ಶೇಖರಣೆಗಳನ್ನೂ ಜೀವಕೋಶಗಳೊಳಗೆ ಸಿಕ್ಕುಬಿದ್ದ ತಂತುಗಳನ್ನೂ ಅವರು ಗುರುತಿಸಿದ್ದರು. ಈ ಕಾಯಿಲೆ ಸಾಮಾನ್ಯವಾಗಿ ಮೆದುಳಿನ ಹಿಪೊಕ್ಯಾಂಪಸ್ ಭಾಗವನ್ನು ಆರಂಭದಲ್ಲಿಯೇ ಬಾಧಿಸುತ್ತದೆ. ಹೊಸ ನೆನಪುಗಳು ನೆಲೆಗೊಳ್ಳಲು ಈ ಭಾಗ ಅಗತ್ಯ. ಆದ್ದರಿಂದ ರೋಗಿಗೆ ಬೆಳಗಿನ ಉಪಾಹಾರ ಮರೆತುಹೋದರೂ ನಲವತ್ತು ವರ್ಷಗಳ ಹಿಂದಿನ ಘಟನೆ ನಿಚ್ಚಳವಾಗಿ ನೆನಪಿರುವುದುಂಟು.

ವೆಂಕೋಬ ರಾವ್ ಪಾತ್ರದ ರಚನೆ ಈ ವೈದ್ಯಕೀಯ ಸತ್ಯಕ್ಕೆ ಬಹುಮಟ್ಟಿಗೆ ನಿಷ್ಠವಾಗಿದೆ. ಅವರಿಗೆ ಎದುರಿಗಿರುವವನು ಯಾರೆಂದು ತಿಳಿಯದು. ಪ್ರೀತಿಸಿದ ಹೆಣ್ಣಿನ ನೆನಪು ಮಾತ್ರ ಮಾಸಿಲ್ಲ. ವರ್ತಮಾನದಲ್ಲಿ ನೆಲೆಯಿಲ್ಲದ ಮನುಷ್ಯ ಭೂತಕಾಲದಲ್ಲಿ ಪೂರ್ಣವಾಗಿ ಬದುಕಿದ್ದಾನೆ. ಮನೆಯಿಂದಲೋ ಆರೈಕೆ ಕೇಂದ್ರದಿಂದಲೋ ಹೊರನಡೆದು ದಾರಿ ತಪ್ಪುವುದೂ ಈ ಕಾಯಿಲೆಯ ಸಾಮಾನ್ಯ ಲಕ್ಷಣಗಳಲ್ಲೊಂದು. ಕುಟುಂಬದವರು ಅತ್ಯಂತ ಹೆಚ್ಚು ಹೆದರುವ ಸಂಗತಿಯೂ ಅದೇ. ಹೀಗಾಗಿ ಚಿತ್ರದ ರಹಸ್ಯ ಕಥೆ ಹೊರಗಿನಿಂದ ತಂದು ಅಂಟಿಸಿದ್ದಲ್ಲ, ಕಾಯಿಲೆಯ ಸ್ವಭಾವದಿಂದಲೇ ಹುಟ್ಟಿದ್ದು.

ಅನಂತ್ ನಾಗ್ ಅವರ ಅಭಿನಯವನ್ನು ಈ ನೆಲೆಯಲ್ಲಿ ನೋಡಬೇಕು. ಕನ್ನಡ ಸಿನಿಮಾದಲ್ಲಿ ಬುದ್ಧಿ ಕಲಕಿದವರ ಪಾತ್ರಗಳಿಗೆ ಅಬ್ಬರದ ಅಭಿನಯದ ಒಂದು ಪರಂಪರೆಯಿದೆ. ಇಲ್ಲಿ ಅದರ ಸೋಂಕಿಲ್ಲ. ಮಾತಿನ ನಡುವೆ ಎಳೆ ತಪ್ಪಿದಾಗ ಕಣ್ಣಿನಲ್ಲಿ ಮೂಡುವ ಸಣ್ಣ ಗಲಿಬಿಲಿ, ಅದನ್ನು ಮುಚ್ಚಿಕೊಳ್ಳಲು ಬರುವ ಸೌಜನ್ಯದ ನಗೆ, ಮತ್ತೆ ಮೊದಲಿನಿಂದ ಆರಂಭವಾಗುವ ಮಾತು ಇಷ್ಟರಲ್ಲಿಯೇ ಪಾತ್ರ ನಿಲ್ಲುತ್ತದೆ. ‘ಹಂಸಗೀತೆ’ ಮತ್ತು ‘ಮಿಂಚಿನ ಓಟ’ದಂಥ ಚಿತ್ರಗಳ ಕಾಲದಿಂದ ಪ್ರೇಕ್ಷಕರಿಗೆ ಪರಿಚಿತವಾದ ಮುಖವೊಂದು ತನ್ನನ್ನೇ ಮರೆತಂತೆ ಕಾಣುವುದರಿಂದ ಉಂಟಾಗುವ ಪರಿಣಾಮವೂ ಸಣ್ಣದಲ್ಲ.

ಭಾರತೀಯ ಸಿನಿಮಾದಲ್ಲಿ ಈ ವಸ್ತು ಹೊಸದೇನಲ್ಲ. 2005ರ ಒಂದೇ ವರ್ಷದಲ್ಲಿ ಮಲಯಾಳಂನ ‘ತನ್ಮಾತ್ರ’, ಹಿಂದಿಯ ‘ಬ್ಲ್ಯಾಕ್’ ಮತ್ತು ‘ಮೈನೆ ಗಾಂಧಿ ಕೋ ನಹೀ ಮಾರಾ’ ಚಿತ್ರಗಳು ಮರೆಗುಳಿತನವನ್ನು ಬೇರೆ ಬೇರೆ ಬಗೆಯಲ್ಲಿ ತೆರೆಗೆ ತಂದಿದ್ದವು. ಅವೆಲ್ಲವೂ ರೋಗಿ ಮತ್ತು ಅವರ ಆಪ್ತರ ವಲಯದೊಳಗೆ ನಡೆಯುವ ಕಥೆಗಳು. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ತನ್ನ ರೋಗಿಯನ್ನು ಆ ವಲಯದಿಂದ ಹೊರಗೆ ಕರೆತಂದು, ಅವರ ಹೆಸರನ್ನೂ ತಿಳಿಯದ ಅಪರಿಚಿತರ ನಡುವೆ, ಅಪಾಯದ ನಡುವೆ ಬಿಡುತ್ತದೆ.

ಅಪರಾಧ ಕಥೆಯ ಛಾಯೆ

ನಗರದ ರಾತ್ರಿ, ಅಪರಾಧ, ನೈತಿಕವಾಗಿ ಇಬ್ಬಂದಿಯಲ್ಲಿ ಸಿಲುಕಿದ ಪಾತ್ರಗಳು ಮತ್ತು ತಪ್ಪಿಸಿಕೊಳ್ಳಲಾಗದ ಹಳೆಯ ನೆನಪುಗಳನ್ನು ಮೂಲದ್ರವ್ಯವಾಗಿಸಿಕೊಂಡ ಚಿತ್ರಗಳನ್ನು ‘ಫಿಲ್ಮ್ ನ್ವಾರ್’ ಎಂದು ಕರೆಯುವ ರೂಢಿಯಿದೆ. ‘ಕಪ್ಪು ಸಿನಿಮಾ’ ಎಂಬ ಅರ್ಥದ ಈ ಹೆಸರನ್ನು ಎರಡನೆಯ ಮಹಾಯುದ್ಧದ ನಂತರ, 1946ರಲ್ಲಿ, ಅಮೆರಿಕದ ಕೆಲವು ಅಪರಾಧ ಚಿತ್ರಗಳನ್ನು ಕುರಿತು ಫ್ರಾನ್ಸಿನ ವಿಮರ್ಶಕರು ಬಳಸತೊಡಗಿದರು. ಕನ್ನಡದಲ್ಲಿ 2010ರ ದಶಕದಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ (2013) ಮತ್ತು ರಕ್ಷಿತ್ ಶೆಟ್ಟಿ ನಿರ್ದೇಶಿಸಿದ ‘ಉಳಿದವರು ಕಂಡಂತೆ’ (2014) ಈ ಜಾಡಿನ ಚಿತ್ರಗಳಾಗಿ ಗಮನ ಸೆಳೆದವು. ‘ಲೂಸಿಯಾ’ ಪ್ರೇಕ್ಷಕರಿಂದಲೇ ಹಣ ಕೂಡಿಸಿ ತಯಾರಾದ ಚಿತ್ರ. ಸಹನಾ ಪಾತ್ರ ಮಾಡಿದ ಶ್ರುತಿ ಹರಿಹರನ್ ಕನ್ನಡದಲ್ಲಿ ನಾಯಕಿಯಾಗಿ ಪರಿಚಿತರಾದದ್ದೂ ಅದರಿಂದಲೇ.

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಇಡಿಯಾಗಿ ಆ ಪ್ರಕಾರಕ್ಕೆ ಸೇರುವುದಿಲ್ಲ. ಶಿವ ಮತ್ತು ಸಹನಾ ಇರುವ ಭಾಗ ಕೌಟುಂಬಿಕ ಕಥನದ ಹದದಲ್ಲಿಯೇ ಸಾಗುತ್ತದೆ, ಅಲ್ಲಲ್ಲಿ ತೀರ ಮೃದುವೂ ಆಗುತ್ತದೆ. ರಂಗನ ಭಾಗ ಮಾತ್ರ ಸ್ಪಷ್ಟವಾಗಿ ಕಪ್ಪು. ಅವನು ಬೇರೊಬ್ಬರ ಆಣತಿಯಂತೆ ಕೊಲ್ಲುವವನು. ತನ್ನದೆಂಬ ಹೆಸರು ಮತ್ತು ಬದುಕನ್ನು ಕಟ್ಟಿಕೊಳ್ಳಬೇಕೆಂಬ ಆಸೆಯಿರುವವನು. ಯಾರಿಗೂ ತನ್ನ ಗುರುತು ಸಿಗದಂತೆ ಬದುಕುವುದು ಅವನ ಕಸುಬಿನ ಅಗತ್ಯ. ಗುರುತು ಕಳೆದುಕೊಂಡ ವೃದ್ಧರು, ಗುರುತು ಮುಚ್ಚಿಟ್ಟುಕೊಂಡ ಪಾತಕಿ ಮತ್ತು ಗುರುತು ಸಿಗದಂತೆ ಮಾಡಬೇಕಾದ ಶವ ಒಂದೇ ವಾಹನದಲ್ಲಿ ಸೇರುವ ಸನ್ನಿವೇಶ ಚಿತ್ರಕಥೆಯ ಅತ್ಯಂತ ಚುರುಕಾದ ಕಲ್ಪನೆ. ಶೀರ್ಷಿಕೆಯ ವರ್ಣನೆ ಈ ಮೂವರಿಗೂ ಅನ್ವಯಿಸಬಹುದು.

ಅಪರಾಧ ಕಥೆಗಳಲ್ಲಿ ಸಾಕ್ಷಿಯ ಸ್ಥಾನ ನಿರ್ಣಾಯಕವಾದುದು. ಕಂಡವನು ಬಾಯಿಬಿಟ್ಟರೆ ಕೊಲೆಗಾರನಿಗೆ ಅಪಾಯ. ಆದ್ದರಿಂದ ಕಂಡವನ ಜೀವಕ್ಕೂ ಅಪಾಯ. ಇಲ್ಲಿನ ಸಾಕ್ಷಿಯಾದರೋ ಕಂಡದ್ದನ್ನು ನೆನಪಿಟ್ಟುಕೊಳ್ಳಲಾಗದವರು. ಕಾಯಿಲೆಯೇ ಅವರಿಗೆ ರಕ್ಷೆಯಾಗಬಹುದು. ಆದರೆ ಅದನ್ನು ಅರ್ಥಮಾಡಿಕೊಂಡು ನಂಬುವವರು ಬೇಕು. ರಂಗ ಮತ್ತು ವೆಂಕೋಬ ರಾವ್ ನಡುವಿನ ದೃಶ್ಯಗಳ ಉದ್ವೇಗ ಹುಟ್ಟುವುದು ಈ ಬಿಕ್ಕಟ್ಟಿನಿಂದ. ಕುಮಾರ್ ಪಾತ್ರದ ಭಯ ಮತ್ತು ಹತಾಶೆಯ ನಡುವೆ ಅಚ್ಯುತ್ ಕುಮಾರ್ ತರುವ ಹಾಸ್ಯ ಆ ಉದ್ವೇಗವನ್ನು ಕೆಡಿಸದೆ ಸಡಿಲಿಸುತ್ತದೆ.

ಅಂಗವೈಕಲ್ಯ ಮತ್ತು ಗುರುತು

ಮರೆಗುಳಿತನವನ್ನು ಮುಪ್ಪಿನ ಸಹಜ ಲಕ್ಷಣವೆಂದು ತಳ್ಳಿಹಾಕುವುದು ವಾಡಿಕೆ. ‘ಅರಳುಮರಳು’ ಎಂಬ ಹಳೆಯ ಮಾತಿನಲ್ಲಿ ಕನಿಕರವೂ ಇದೆ, ಉಪೇಕ್ಷೆಯೂ ಇದೆ. ಚಿತ್ರ ಬಿಡುಗಡೆಯಾದ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ನ್ನು ಅಂಗೀಕರಿಸಿತು. 1995ರ ಕಾನೂನಿನಲ್ಲಿದ್ದ ಏಳು ಬಗೆಯ ಅಂಗವೈಕಲ್ಯಗಳ ಪಟ್ಟಿಯನ್ನು ಅದು 21ಕ್ಕೆ ವಿಸ್ತರಿಸಿತು. ಮಾನಸಿಕ ಅಸ್ವಸ್ಥತೆ ಮತ್ತು ದೀರ್ಘಕಾಲಿಕ ನರರೋಗಗಳು ಅದರಲ್ಲಿವೆ. ಮರೆಗುಳಿತನಕ್ಕೆ ಪ್ರತ್ಯೇಕ ಹೆಸರಿನ ಸ್ಥಾನ ದೊರೆಯಲಿಲ್ಲ. ಅದೇ ಅಧಿನಿಯಮದ ವ್ಯಾಖ್ಯೆಯಂತೆ, ವ್ಯಕ್ತಿಯ ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯ ಸಂಬಂಧಿ ನ್ಯೂನತೆಯು ಸಮಾಜದ ಅಡೆತಡೆಗಳೊಂದಿಗೆ ಸೇರಿ, ಇತರರಿಗೆ ಸಮಾನವಾಗಿ ಬದುಕದಂತೆ ಮಾಡುವುದೇ ಅಂಗವೈಕಲ್ಯ.

ಈ ವ್ಯಾಖ್ಯೆಯ ಬೆಳಕಿನಲ್ಲಿ ನೋಡಿದರೆ ವೆಂಕೋಬ ರಾವ್ ಕಳೆದುಹೋಗಲು ಕಾಯಿಲೆಯೊಂದೇ ಕಾರಣವಲ್ಲ. ಮಗನ ಅಲಕ್ಷ್ಯ, ಪಕ್ಕದವನನ್ನು ನೋಡದೆ ನಡೆಯುವ ನಗರದ ಜನಸಂದಣಿ, ಗಲಿಬಿಲಿಗೊಂಡ ಹಿರಿಯರೊಬ್ಬರನ್ನು ಎಲ್ಲಿಗೆ ಹೋಗಬೇಕೆಂದು ಕೇಳದ ರಸ್ತೆ ಎಲ್ಲವೂ ಅದರಲ್ಲಿ ಪಾಲುದಾರರು. ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಸುಮಾರು 88 ಲಕ್ಷ ಜನ ಮರೆಗುಳಿತನದೊಂದಿಗೆ ಬದುಕುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಅವರಲ್ಲಿ ಬಹುಪಾಲು ಜನರ ಆರೈಕೆ ನಡೆಯುವುದು ಮನೆಗಳಲ್ಲಿ. ಮಕ್ಕಳು ಬೇರೆ ಊರುಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಈ ಹೊಣೆ ಯಾರದೆಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಶಿವನನ್ನು ಚಿತ್ರ ಖಳನನ್ನಾಗಿ ಮಾಡುವುದಿಲ್ಲ. ಅವನ ತಪ್ಪು ಬಹಳ ಜನರದ್ದು.

ಗುರುತಿನ ಪ್ರಶ್ನೆಗೆ ಚಿತ್ರ ಕಂಡುಕೊಂಡಿರುವ ದಾರಿ ಮುಖ್ಯವಾದುದು. ವ್ಯಕ್ತಿಯೆಂದರೆ ಅವನ ನೆನಪುಗಳ ಮೊತ್ತ ಎಂಬುದು ಸಾಮಾನ್ಯ ತಿಳಿವಳಿಕೆ. ಅದರಂತೆ ನೆನಪು ಕರಗಿದಷ್ಟೂ ವ್ಯಕ್ತಿ ಇಲ್ಲವಾಗಬೇಕು. ಇಲ್ಲಿ ಹಾಗಾಗುವುದಿಲ್ಲ. ವೆಂಕೋಬ ರಾವ್ ಅವರ ಒಂದೊಂದು ಚೂರು ಒಬ್ಬೊಬ್ಬರ ಬಳಿ ಉಳಿದಿದೆ. ಹುಡುಕಾಟವೆಂದರೆ ಶಿವ ಆ ಚೂರುಗಳನ್ನು ಕೂಡಿಸುವ ಕೆಲಸ. ಪತ್ತೇದಾರಿ ಕಥೆಯಲ್ಲಿ ಸುಳಿವುಗಳು ಅಪರಾಧಿಯತ್ತ ಒಯ್ಯುತ್ತವೆ. ಇಲ್ಲಿನ ಸುಳಿವುಗಳು ಮಗನನ್ನು, ತಾನು ಎಂದೂ ವಿಚಾರಿಸದ ತಂದೆಯತ್ತ ಒಯ್ಯುತ್ತವೆ.

ಆಕ್ಷೇಪಕ್ಕೂ ಅವಕಾಶವಿದೆ. ಅಂಗವಿಕಲರ ಪಾತ್ರಗಳು ಉಳಿದವರ ಮನಸ್ಸು ತಿದ್ದುವ ಸಾಧನಗಳಾಗಿಬಿಡುವುದು ಜಗತ್ತಿನ ಸಿನಿಮಾಗಳಲ್ಲೆಲ್ಲ ಕಾಣುವ ದೋಷ. ಈ ಚಿತ್ರವೂ ಅದರಿಂದ ಪೂರ್ತಿ ಮುಕ್ತವಲ್ಲ. ಶಿವ ಬದಲಾಗುತ್ತಾನೆ, ರಂಗ ಬದಲಾಗುತ್ತಾನೆ. ವೆಂಕೋಬ ರಾವ್ ಅವರ ಸ್ಥಿತಿ ಮಾತ್ರ ಮೊದಲಿದ್ದಂತೆಯೇ ಇರುತ್ತದೆ. ಅವರು ಅನುಭವಿಸುವ ಭಯ ಮತ್ತು ಅಸಹಾಯಕತೆಗಿಂತ, ಅವರ ಮಾತುಗಳಿಂದ ಇತರರಿಗಾಗುವ ಪರಿಣಾಮದ ಮೇಲೆ ಚಿತ್ರಕಥೆಯ ಕಣ್ಣು ಹೆಚ್ಚು. ಆದರೂ ಗುಣವಾಗದ ಕಾಯಿಲೆಗೆ ಪವಾಡದ ಪರಿಹಾರ ತೋರಿಸುವ ಮೋಹಕ್ಕೆ ಚಿತ್ರ ಒಳಗಾಗಿಲ್ಲ. ನೆನಪು ಮರಳಿ ಬಂದು ಎಲ್ಲವೂ ಸರಿಹೋಗುವ ಅಂತ್ಯ ಇಲ್ಲಿಲ್ಲ. ಪೆಟ್ಟು ಬಿದ್ದು ನೆನಪು ಹೋಗಿ, ಇನ್ನೊಂದು ಪೆಟ್ಟಿಗೆ ಹಿಂದಿರುಗುವ ಕಥೆಗಳನ್ನು ದಶಕಗಳ ಕಾಲ ನೋಡಿದ ಪ್ರೇಕ್ಷಕವರ್ಗಕ್ಕೆ ಇದೊಂದು ಗಮನಾರ್ಹ ವ್ಯತ್ಯಾಸ.

ಮನ್ನಣೆ ಮತ್ತು ಮರುನಿರ್ಮಾಣ

‘ತಿಥಿ’, ‘ಯೂ ಟರ್ನ್’, ‘ರಾಮಾ ರಾಮಾ ರೇ’ ಮತ್ತು ‘ಕಿರಿಕ್ ಪಾರ್ಟಿ’ ತೆರೆಕಂಡದ್ದೂ 2016ರಲ್ಲಿಯೇ. ಹೊಸ ತಲೆಮಾರಿನ ನಿರ್ದೇಶಕರ ಈ ಗುಂಪಿನಲ್ಲಿ ಹೇಮಂತ್ ರಾವ್ ಅವರ ಹೆಸರೂ ಸೇರಿತು. 64ನೇ ದಕ್ಷಿಣ ಭಾರತ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಕನ್ನಡ ವಿಭಾಗದ ಅತ್ಯುತ್ತಮ ನಟ ಪ್ರಶಸ್ತಿ ಅನಂತ್ ನಾಗ್ ಅವರಿಗೂ, ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ವಸಿಷ್ಠ ಎನ್. ಸಿಂಹ ಅವರಿಗೂ ಈ ಚಿತ್ರಕ್ಕಾಗಿ ಸಂದವು.

ತಮಿಳಿನಲ್ಲಿ ‘60 ವಯದು ಮಾನಿರಂ’ ಎಂಬ ಹೆಸರಿನಲ್ಲಿ ರಾಧಾಮೋಹನ್ ಇದನ್ನು ಮರುನಿರ್ಮಿಸಿದರು. ಪ್ರಕಾಶ್ ರಾಜ್, ವಿಕ್ರಮ್ ಪ್ರಭು ಮತ್ತು ಸಮುದ್ರಖನಿ ಅಭಿನಯದ ಆ ಚಿತ್ರ 2018ರಲ್ಲಿ ತೆರೆಕಂಡಿತು. ವಯಸ್ಸು ಮತ್ತು ಮೈಬಣ್ಣವನ್ನು ಸೂಚಿಸುವ ಆ ಶೀರ್ಷಿಕೆಯೂ ಕಾಣೆಯಾದವರ ಪ್ರಕಟಣೆಯ ಧಾಟಿಯಲ್ಲಿಯೇ ಇದೆ.

ನಿರ್ದೇಶಕರ ನಂತರದ ಕೃತಿಗಳು

ನೆನಪು, ಸಾಕ್ಷಿ ಮತ್ತು ಗುರುತಿನ ಪ್ರಶ್ನೆಗಳನ್ನು ಹೇಮಂತ್ ರಾವ್ ಅವರ ಮುಂದಿನ ಕೆಲಸಗಳಲ್ಲಿಯೂ ಕಾಣಬಹುದು. ಶ್ರೀರಾಮ್ ರಾಘವನ್ ನಿರ್ದೇಶನದ ಹಿಂದಿ ಚಿತ್ರ ‘ಅಂಧಾಧುನ್’ (2018) ಚಿತ್ರಕಥೆಯ ಲೇಖಕರಲ್ಲಿ ಅವರೂ ಒಬ್ಬರು. ಅದಕ್ಕೆ ಪ್ರೇರಣೆಯಾದ ಫ್ರೆಂಚ್ ಕಿರುಚಿತ್ರವನ್ನು ರಾಘವನ್ ಅವರ ಗಮನಕ್ಕೆ ತಂದವರೂ ಅವರೇ. ಕುರುಡನಂತೆ ನಟಿಸುವ ಪಿಯಾನೋ ವಾದಕನೊಬ್ಬ ಕೊಲೆಯ ಜಾಗಕ್ಕೆ ಬಂದು, ಕಂಡೂ ಕಾಣದವನಂತೆ ಇರಬೇಕಾಗಿ ಬರುವ ಕಥೆ ಅದು. 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ರೂಪಾಂತರಿತ ಚಿತ್ರಕಥೆಯ ಪ್ರಶಸ್ತಿಯನ್ನು ಅದರ ಲೇಖಕರು ಹಂಚಿಕೊಂಡರು. ಕಂಡದ್ದನ್ನು ಮರೆಯುವ ವೆಂಕೋಬ ರಾವ್ ಮತ್ತು ಕಂಡದ್ದನ್ನು ಅಲ್ಲಗಳೆಯಬೇಕಾದ ಆ ಪಿಯಾನೋ ವಾದಕ ಒಂದೇ ಸಮಸ್ಯೆಯ ಎರಡು ಮುಖಗಳಂತಿದ್ದಾರೆ.

ಕನ್ನಡದಲ್ಲಿ ಅವರ ಎರಡನೆಯ ಚಿತ್ರ ‘ಕವಲುದಾರಿ’ 2019ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ತಯಾರಿಸಿದ ಮೊದಲ ಚಿತ್ರವದು. ದಶಕಗಳ ಹಿಂದಿನ ಕೊಲೆ ಪ್ರಕರಣವೊಂದನ್ನು ಬೆನ್ನುಹತ್ತುವ ಸಂಚಾರ ಪೊಲೀಸ್ ಅಧಿಕಾರಿಯಾಗಿ ರಿಷಿ, ಅದೇ ಪ್ರಕರಣದಿಂದ ಜರ್ಜರಿತನಾದ ನಿವೃತ್ತ ಪೊಲೀಸ್ ಅಧಿಕಾರಿ ಮುತ್ತಣ್ಣನಾಗಿ ಅನಂತ್ ನಾಗ್ ನಟಿಸಿದರು. ಅಪರಾಧ ಚಿತ್ರದ ಕಪ್ಪು ಛಾಯೆ ಇಲ್ಲಿ ಇಡೀ ಕಥೆಯನ್ನು ಆವರಿಸಿದೆ. ಮೊದಲ ಚಿತ್ರದಲ್ಲಿ ಏನನ್ನೂ ನೆನಪಿಟ್ಟುಕೊಳ್ಳಲಾಗದ ಮನುಷ್ಯನಾಗಿದ್ದ ನಟ, ಇದರಲ್ಲಿ ಯಾವುದನ್ನೂ ಮರೆಯಲಾಗದ ಮನುಷ್ಯನಾಗಿದ್ದಾರೆ. ರಕ್ಷಿತ್ ಶೆಟ್ಟಿ ಮತ್ತು ಚರಣ್ ರಾಜ್ ಅವರೊಂದಿಗೆ ಹೇಮಂತ್ ರಾವ್ ಮತ್ತೆ ಕೆಲಸ ಮಾಡಿದ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗಗಳಾಗಿ ತೆರೆಕಂಡಿತು.